ಕೇಸ್ ಫೈಲಿನಲ್ಲಿ 'ಟೈಲರಿಂಗ್' ಎಂದು ಬರೆದು ನಾನು ಮುಗ್ಗರಿಸಿದ್ದು

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವವರಿಗಾಗಿ, ನನಗೆ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಕೇಸ್ ಮ್ಯಾನೇಜ್‌ಮೆಂಟ್‌ನ (ಒಬ್ಬರ ಅಗತ್ಯ ತಿಳಿದು ಸರಿಯಾದ ಸೇವೆ ತಲುಪಿಸುವ ಕೆಲಸದ) ಹಂತಗಳು ಎಲ್ಲರಿಗೂ ಬಾಯಿಪಾಠ: ಗುರುತಿಸುವುದು, ಅಸೆಸ್‌ಮೆಂಟ್ (ಅಗತ್ಯ ಏನೆಂದು ಅಳೆಯುವುದು), ಯೋಜನೆ, ಸೇವೆಗೆ ಜೋಡಿಸುವುದು, ಫಾಲೋಅಪ್, ಫೈಲ್ ಮುಚ್ಚುವುದು. ನಾನು ಸಿಕ್ಕಿಬಿದ್ದದ್ದು ಎರಡನೆಯದರಲ್ಲಿ.

ಫೀಲ್ಡ್‌ವರ್ಕ್‌ನಲ್ಲಿ ನನಗೆ ಸಿಕ್ಕಿದ್ದು ರಾಯಚೂರು ಕಡೆಯ ಹಳ್ಳಿಯ 16ರ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲ್ ಆಗಿ ಮನೆಯಲ್ಲಿದ್ದಳು. ಗಂಡು ನೋಡುವ ಮಾತೂ ಶುರುವಾಗಿತ್ತು. 'ಅಗತ್ಯ' ಎಂಬ ಕಾಲಂನಲ್ಲಿ ನಾನು 'ಟೈಲರಿಂಗ್ ತರಬೇತಿ' ಎಂದು ಬರೆದೆ. ನನ್ನ ಕೆಲಸ ನೋಡಿಕೊಳ್ಳುತ್ತಿದ್ದ ಮೇಡಂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದರು. "ಇದು ಅವಳ ಅಗತ್ಯವೋ, ನಿನ್ನ ಕೈಲಿದ್ದ ಸೇವೆಯೋ?"

ಎರಡು ದಿನ ಅರ್ಥವೇ ಆಗಲಿಲ್ಲ. ಹುಡುಗಿಗೆ ದುಡಿಮೆ ಬೇಕು, ಹೊಲಿಗೆ ಕಲಿತರೆ ದುಡಿಮೆ ಸಿಗುತ್ತದೆ, ಅಲ್ವಾ? ಮತ್ತೆ ಅವಳ ಮನೆಗೆ ಹೋಗಿ, ಹೊಸ್ತಿಲ ಹತ್ತಿರ ಕೂತು, ಅವಳ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದೆ. ಅವ್ವ ಬೆಳಿಗ್ಗೆ ಏಳಕ್ಕೆ ಕೂಲಿಗೆ ಹೊರಡುತ್ತಾಳೆ. ಎರಡು ವರ್ಷದ ತಮ್ಮ ಇವಳ ಸೊಂಟದ ಮೇಲೆ. ಮಾತಾಡುವಾಗಲೂ ಇಳಿಸಲಿಲ್ಲ. 'ಶಕ್ತಿ' ಯೋಜನೆ ಬಂದ 2023ರ ಜೂನ್‌ನಿಂದ ಬಸ್ ಟಿಕೆಟ್ ಫ್ರೀ, ನಿಜ. ಆದರೆ ಸಂಜೆ ಕ್ಲಾಸ್ ಬಿಡುವ ಹೊತ್ತಿಗೆ ಊರಿಗೆ ಬಸ್ಸೇ ಇಲ್ಲ. ಹೊಲಿಗೆ ಕಲೀತೀಯಾ ಅಂದರೆ, "ಕಲೀತೀನ್ರಿ ಅಕ್ಕಾ. ಇವನ್ನ ಯಾರು ಹಿಡೀತಾರ?"

ಆಗ ತಲೆಗೆ ಹೋಯಿತು. ತಮ್ಮನನ್ನು ನೋಡಿಕೊಳ್ಳುವವರು, ಕತ್ತಲಾಗುವ ಮುಂಚೆ ಮನೆ ಸೇರುವ ದಾರಿ, ಗಣಿತ ಪಾಸಾಗುವುದು, ಮದುವೆ ನಿಲ್ಲುವುದು: ಇವು ಅಗತ್ಯ. ಟೈಲರಿಂಗ್ ಒಂದು ಸೇವೆ. ಅದು ಪಕ್ಕದ ಕಾಲಂಗೆ ಹೋಗಬೇಕು, ಅದೂ ಆಮೇಲೆ.

ನನ್ನ ಉಪಾಯ ಇಷ್ಟೇ. ಏನೇ ಬರೆದರೂ ಅದರ ಮುಂದೆ 'ಕೊಟ್ಟರೆ ನಾಳೆ ಬೆಳಿಗ್ಗೆ ಹೋಗುತ್ತಾಳಾ?' ಎಂದು ಕೇಳಿ. 'ಇಲ್ಲ, ಯಾಕಂದ್ರೆ' ಎಂದು ಬಂದರೆ, ಆ 'ಯಾಕಂದ್ರೆ' ಆದ ಮೇಲೆ ಬರುವುದನ್ನು ಬರೆಯಿರಿ. ಅದಕ್ಕೂ ಇದೇ ಪ್ರಶ್ನೆ ಹಾಕಿ. ಸಾಮಾನ್ಯವಾಗಿ ಮೂರನೇ ಸಲಕ್ಕೆ ಮಗುವೋ, ಬಸ್ಸೋ, ಅಪ್ಪನ ಸಾಲವೋ ಹೊರಗೆ ಬರುತ್ತದೆ.

ವಯಸ್ಸಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 18 ತುಂಬದೆ ಮಾಡಿಕೊಂಡ ಸಾಲದ ಕರಾರು ಕಾನೂನಲ್ಲಿ ನಿಲ್ಲುವುದಿಲ್ಲ. ಹಾಗಾಗಿ 'ಸಾಲ ಕೊಡಿಸಿ ಮೆಷಿನ್' ಎಂದು 16ರವಳ ಯೋಜನೆಯಲ್ಲಿ ಬರೆಯಬೇಡಿ (ನಾನು ಬರೆದಿದ್ದೆ!). ಉಳಿತಾಯ ಖಾತೆಗೆ ತೊಂದರೆ ಇಲ್ಲ. ಮದುವೆಯನ್ನು ಸುಮ್ನೆ ಒಂದು ಸಾಲಿನಲ್ಲಿ ಮುಗಿಸಬೇಡಿ: ಎನ್‌ಎಫ್‌ಎಚ್‌ಎಸ್-5ರ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 21.3% ಮಂದಿಗೆ 18ರೊಳಗೇ ಮದುವೆಯಾಗಿತ್ತು. ಮದುವೆ ದಿನ ಗೊತ್ತಾದ ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್.

ಗಣಿತಕ್ಕೆ ದಾರಿ ಸುಲಭವಿತ್ತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ, ಫೇಲಾದ ವಿಷಯ ಮಾತ್ರ ಬರೆದರೆ ಸಾಕು. ತಮ್ಮನಿಗೆ, ನರೇಗಾ ಕೂಲಿಗೆ ಹೋಗುವವರ ಮಕ್ಕಳಿಗೆಂದು ಶುರುವಾದ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ. ಚೀಟಿ ಬರೆದುಕೊಟ್ಟು ಫೈಲಿನಲ್ಲಿ ಟಿಕ್ ಹಾಕಿದೆ. ವಾರ ಬಿಟ್ಟು ಹೋದರೆ ಅವನು ಇನ್ನೂ ಅಕ್ಕನ ಸೊಂಟದ ಮೇಲೆ! ಒಂದು ದಿನದ ಕೂಲಿ ಬಿಟ್ಟು ಹೆಸರು ಬರೆಸಲು ಅವ್ವನಿಗೆ ಆಗಿರಲಿಲ್ಲ. ಟಿಕ್ ಅಳಿಸಿ, ಸೋಮವಾರ ನಾನೇ ಜೊತೆಗೆ ಹೋದೆ.