ಬೈಔಟ್: ಆಟಗಾರ ಹೋದ ಮೇಲೂ ಉಳಿಯುವ ಲೆಕ್ಕ

ತಂಡ ಸೋಲುತ್ತಾ ಹೋದಂತೆ ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ‘ಅವನನ್ನ ಬೈಔಟ್ ಮಾಡಿ ಕಳಿಸ್ಬಿಡಿ, ಸಾಕು.’ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಅನ್ನು ಹಿಂಬಾಲಿಸುವವರಿಗೆ ಇದು ಚೆನ್ನಾಗಿ ಗೊತ್ತಿರುವ ಮಾತು. ದುಬಾರಿ ಸಂಬಳದ ಆಟಗಾರ ಗೋಲು ಹೊಡೆಯುತ್ತಿಲ್ಲ, ಒಪ್ಪಂದ ಇನ್ನೂ ಮೂರು ವರ್ಷ ಇದೆ, ಬೇರೆ ತಂಡ ಅವನನ್ನು ಕೇಳುತ್ತಿಲ್ಲ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಸ್ಥಿತಿ. ಉಳಿದ ಸಂಬಳದ ಒಂದು ಪಾಲು ಕೊಟ್ಟು ಒಪ್ಪಂದವನ್ನು ಮಧ್ಯದಲ್ಲೇ ಮುಗಿಸುವುದಕ್ಕೆ ಬೈಔಟ್ ಅನ್ನುತ್ತಾರೆ. ಆಗ ಈ ಪದ ಒಂದು ಬಾಗಿಲಿನ ಹಾಗೆ ಕಾಣುತ್ತದೆ. ತೆಗೆದರೆ ಆಯ್ತು, ಪೀಡೆ ಹೊರಗೆ.

ನನ್ನ ಪ್ರಕಾರ ಈ ಪದವನ್ನು ಹೆಚ್ಚಿನವರು ತಪ್ಪಾಗಿ ಹಿಡಿದಿದ್ದಾರೆ. ಬೈಔಟ್ ಅಂದರೆ ಕೆಲಸದಿಂದ ತೆಗೆಯುವುದಲ್ಲ, ಸಾಲ ಮಾಡುವುದು. ತಂಡ ತನ್ನ ಮುಂದಿನ ವರ್ಷಗಳಿಂದಲೇ ಈ ಸಾಲ ಎತ್ತುತ್ತದೆ. ಇದು ಮನಸ್ಸಿಗೆ ಬಂದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಮೊದಲು ಹಿನ್ನೆಲೆ. 2004-05ರಲ್ಲಿ ತಂಡಗಳ ಮಾಲೀಕರಿಗೂ ಆಟಗಾರರ ಸಂಘಕ್ಕೂ ಒಪ್ಪಂದ ಕುದುರದೆ ಇಡೀ ಸೀಸನ್ ರದ್ದಾಯಿತು. ಮರುವರ್ಷ ಆಟ ಶುರುವಾದಾಗ ಸ್ಯಾಲರಿ ಕ್ಯಾಪ್ ಬಂತು. ಅಂದರೆ ಒಂದು ತಂಡ ಆಟಗಾರರ ಮೇಲೆ ಇಂತಿಷ್ಟೇ ಖರ್ಚು ಮಾಡಬಹುದು ಅನ್ನುವ ಮಿತಿ. ಮೊದಲ ವರ್ಷ ಅದು 3 ಕೋಟಿ 90 ಲಕ್ಷ ಡಾಲರ್ ಇತ್ತು. 2025-26ಕ್ಕೆ 9 ಕೋಟಿ 55 ಲಕ್ಷ ಡಾಲರ್ ಆಗಿದೆ. ಮಾಲೀಕ ಎಷ್ಟೇ ಶ್ರೀಮಂತನಾಗಿದ್ದರೂ ಈ ಗೆರೆ ದಾಟುವ ಹಾಗಿಲ್ಲ. ಹಾಗಾಗಿ ಈ ಲೀಗ್‌ನಲ್ಲಿ ನಿಜವಾಗಿ ಕೊರತೆ ಇರುವುದು ದುಡ್ಡಿಗಲ್ಲ, ಕ್ಯಾಪ್‌ನೊಳಗಿನ ಜಾಗಕ್ಕೆ.

ಆ ಜಾಗದಲ್ಲಿ ಒಬ್ಬ ಆಟಗಾರ ಎಷ್ಟು ತಿನ್ನುತ್ತಾನೆ ಅನ್ನುವುದಕ್ಕೆ ಕ್ಯಾಪ್ ಹಿಟ್ ಅನ್ನುತ್ತಾರೆ. ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿದರೆ ಅದು ಸಿಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಆಟಗಾರನ ಕೈಗೆ ಬರುವ ಸಂಬಳ ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಿಮೆ ಇರಬಹುದು. ಕ್ಯಾಪ್ ಹಿಟ್ ಮಾತ್ರ ಪ್ರತಿ ವರ್ಷ ಒಂದೇ. ಬೈಔಟ್ ಲೆಕ್ಕ ಕಗ್ಗಂಟಾಗುವುದು ಈ ವ್ಯತ್ಯಾಸದಿಂದಲೇ.

ಈಗ ನಿಯಮಕ್ಕೆ ಬರೋಣ. ಆಟಗಾರನಿಗೆ 26 ವರ್ಷ ತುಂಬಿದ್ದರೆ ಉಳಿದ ಸಂಬಳದ ಮೂರರಲ್ಲಿ ಎರಡು ಪಾಲು ಕೊಡಬೇಕು. ಅದಕ್ಕಿಂತ ಚಿಕ್ಕವನಾದರೆ ಮೂರರಲ್ಲಿ ಒಂದು ಪಾಲು ಸಾಕು. ಈ ಹಣವನ್ನು ಒಪ್ಪಂದದಲ್ಲಿ ಉಳಿದ ವರ್ಷಗಳ ಎರಡರಷ್ಟು ಅವಧಿಗೆ ಸಮನಾಗಿ ಹಂಚಬೇಕು. ಮೂರು ವರ್ಷ ಉಳಿದಿದ್ದರೆ ಆರು ವರ್ಷದ ಕಂತು. ಸಾಮಾನ್ಯವಾಗಿ ಜೂನ್ ಮಧ್ಯದಿಂದ ಜೂನ್ 30ರ ತನಕ ಇದಕ್ಕೆ ಅವಕಾಶ. ಬೈಔಟ್ ಆಗುವವನ ಹೆಸರು ಮೊದಲು ‘ಅನ್‌ಕಂಡೀಷನಲ್ ವೇವರ್ಸ್’ ಪಟ್ಟಿಗೆ ಬರುತ್ತದೆ. ಬೇಕಿದ್ದ ತಂಡ 24 ಗಂಟೆಯೊಳಗೆ ಅವನನ್ನು ಆ ಒಪ್ಪಂದದ ಸಮೇತ ಎತ್ತಿಕೊಳ್ಳಬಹುದು. ಯಾರೂ ಕೇಳದಿದ್ದರೆ ಅವನು ಸ್ವತಂತ್ರ. ಗಾಯಗೊಂಡು ಆಡಲಾಗದ ಸ್ಥಿತಿಯಲ್ಲಿರುವವನನ್ನು ಮಾತ್ರ ಬೈಔಟ್ ಮಾಡುವ ಹಾಗಿಲ್ಲ. ಇದು ನ್ಯಾಯವಾದ ನಿಯಮ.

ಇದನ್ನೆಲ್ಲ ಒಬ್ಬ ನಿಜವಾದ ಆಟಗಾರನ ಮೇಲೆ ಇಟ್ಟು ನೋಡೋಣ. ಬಫಲೋ ಸೇಬರ್ಸ್ ತಂಡದಲ್ಲಿದ್ದ ಜೆಫ್ ಸ್ಕಿನ್ನರ್. ಸೋತು ಸುಣ್ಣವಾದ ತಂಡದ ಅಭಿಮಾನಿಗಳ ಸಂಕಟ ತಿಳಿಯಬೇಕಾದರೆ ಸೇಬರ್ಸ್ ಕಥೆ ತಿಳಿಯಬೇಕು. 2011-12ರಿಂದ 2024-25ರ ತನಕ ಸತತ 14 ಸೀಸನ್ ಆ ತಂಡ ಪ್ಲೇಆಫ್ ಮುಟ್ಟಲಿಲ್ಲ. ಲೀಗ್ ಇತಿಹಾಸದಲ್ಲೇ ಇಷ್ಟು ದೀರ್ಘ ಬರಗಾಲ ಬೇರೆ ಯಾವ ತಂಡಕ್ಕೂ ಬಂದಿಲ್ಲ.

ಸ್ಕಿನ್ನರ್ 2018-19ರಲ್ಲಿ ಬಫಲೋಗೆ ಬಂದ ಮೊದಲ ವರ್ಷವೇ 40 ಗೋಲು ಹೊಡೆದ. ಆ ಖುಷಿಯಲ್ಲಿ ತಂಡ ಅವನಿಗೆ 8 ವರ್ಷಕ್ಕೆ 7 ಕೋಟಿ 20 ಲಕ್ಷ ಡಾಲರ್ ಕೊಟ್ಟಿತು. ಕ್ಯಾಪ್ ಹಿಟ್ 90 ಲಕ್ಷ. ಆಮೇಲೆ 2020-21ರಲ್ಲಿ 53 ಪಂದ್ಯಕ್ಕೆ ಬರೀ 7 ಗೋಲು. ಮತ್ತೆ ಎದ್ದು 33, 35 ಗೋಲು ಹೊಡೆದ. 2023-24ಕ್ಕೆ 24ಕ್ಕೆ ಇಳಿದ. ಅಭಿಮಾನಿಗಳಲ್ಲಿ ಎರಡು ಪಕ್ಷ ಹುಟ್ಟಲು ಇಷ್ಟು ಸಾಕಲ್ವಾ? ‘90 ಲಕ್ಷ ತಗೊಂಡು 24 ಗೋಲಾ?’ ಅನ್ನುವವರು ಒಂದು ಕಡೆ. ‘24 ಗೋಲು ಹೊಡೆಯುವವನಿಗೆ ದುಡ್ಡು ಕೊಟ್ಟು ಮನೆಗೆ ಕಳಿಸಿದರೆ ಆ ಗೋಲು ಯಾರು ಹೊಡೀತಾರೆ?’ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಲ್ಲೂ ಹುರುಳಿದೆ.

2024ರ ಬೇಸಿಗೆಯಲ್ಲಿ ತಂಡ ಬೈಔಟ್ ಮಾಡಿತು. ಮೂರು ವರ್ಷ ಬಾಕಿ ಇತ್ತು. ಉಳಿದ ಸಂಬಳ ಕ್ರಮವಾಗಿ 1 ಕೋಟಿ, 70 ಲಕ್ಷ, 50 ಲಕ್ಷ. ಒಟ್ಟು 2 ಕೋಟಿ 20 ಲಕ್ಷ. ಅದರ ಮೂರರಲ್ಲಿ ಎರಡು ಪಾಲನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 24 ಲಕ್ಷ 44 ಸಾವಿರ ಬರುತ್ತದೆ. ತಂಡದ ಜೇಬಿನಿಂದ ಹೋಗುವುದು ಇಷ್ಟು.

ಕ್ಯಾಪ್ ಲೆಕ್ಕ ಬೇರೆ. ಆ ವರ್ಷ ಸಂಬಳದಲ್ಲಿ ಎಷ್ಟು ಉಳಿಯಿತೋ ಅಷ್ಟನ್ನು ಹಳೆಯ ಕ್ಯಾಪ್ ಹಿಟ್‌ನಿಂದ ಕಳೆಯುತ್ತಾರೆ. ಮೊದಲ ವರ್ಷ ಕೊಡಬೇಕಿದ್ದದ್ದು 1 ಕೋಟಿ, ಕೊಡುವುದು 24.44 ಲಕ್ಷ. ಉಳಿಕೆ 75.56 ಲಕ್ಷ. ಇದನ್ನು 90ರಿಂದ ಕಳೆದರೆ ಕ್ಯಾಪ್ ಮೇಲಿನ ಭಾರ ಬರೀ 14.44 ಲಕ್ಷ. ನೋಡಿದರೆ ಎಷ್ಟು ಹಗುರ! ಎರಡನೇ ವರ್ಷ 44.44 ಲಕ್ಷ. ಮೂರನೇ ವರ್ಷ, ಅಂದರೆ 2026-27ಕ್ಕೆ, 64.44 ಲಕ್ಷ. ಅಲ್ಲಿಂದ ಮುಂದೆ 2029-30ರ ತನಕ ವರ್ಷಕ್ಕೆ 24.44 ಲಕ್ಷ.

ಈ ಏರಿಕೆಯನ್ನು ಸ್ವಲ್ಪ ನಿಂತು ನೋಡಿ. ಮೊದಲ ವರ್ಷ 75 ಲಕ್ಷದಷ್ಟು ಜಾಗ ಸಿಕ್ಕಿತು. ಮೂರನೇ ವರ್ಷ ಸಿಗುವುದು 25 ಲಕ್ಷದಷ್ಟು ಮಾತ್ರ. ಆಮೇಲಿನ ಮೂರು ವರ್ಷ ಜಾಗ ಸಿಗುವುದಿಲ್ಲ, ಹೋಗುತ್ತದೆ. ಬೈಔಟ್ ಆಗದೆ ಇದ್ದಿದ್ದರೆ ಒಪ್ಪಂದ 2027ಕ್ಕೆ ಮುಗಿದು ಸ್ಕಿನ್ನರ್ ಹೆಸರೇ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಹೀಗೆ ಆಡದವನ ಹೆಸರಲ್ಲಿ ತಿಂದುಹೋಗುವ ಜಾಗಕ್ಕೆ ಅಭಿಮಾನಿಗಳು ಡೆಡ್ ಕ್ಯಾಪ್ ಅನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ಆ ಜಾಗ ಓಡುವುದಿಲ್ಲ, ಗೋಲು ಹೊಡೆಯುವುದಿಲ್ಲ.

ಹಾಗಿದ್ದರೆ ಬಫಲೋ ಮಾಡಿದ್ದು ತಪ್ಪಾ? ನನಗನ್ನಿಸುವುದು ಹೀಗೆ. ಬೈಔಟ್ ಮಾಡಿದ್ದು ತಪ್ಪಲ್ಲ. ಅದರಿಂದ ಸಿಕ್ಕ ಆ ಒಂದು ದೊಡ್ಡ ವರ್ಷವನ್ನು ಬಳಸಿಕೊಳ್ಳದೆ ಹೋದದ್ದು ತಪ್ಪು. 75 ಲಕ್ಷದ ಜಾಗ ಕೈಗೆ ಬಂದ 2024-25ರಲ್ಲೇ ತಂಡ ಸತತ 13 ಪಂದ್ಯ ಸೋತಿತು, ಕೊನೆಗೆ 79 ಅಂಕಕ್ಕೆ ನಿಂತಿತು. ಸಾಲದ ದುಡ್ಡು ಖರ್ಚಾಯಿತು, ಕಂತು ಉಳಿಯಿತು.

ಇದರ ಇನ್ನೊಂದು ತುದಿ ಮಿನೆಸೋಟ ವೈಲ್ಡ್. 2012ರ ಜುಲೈ 4ರಂದು ಆ ತಂಡ ಝ್ಯಾಕ್ ಪರೀಸೆ, ರಯಾನ್ ಸೂಟರ್ ಇಬ್ಬರನ್ನೂ ಒಂದೇ ದಿನ ಕೊಂಡಿತು. ಒಬ್ಬೊಬ್ಬರಿಗೂ 13 ವರ್ಷ, 9 ಕೋಟಿ 80 ಲಕ್ಷ ಡಾಲರ್. ಸಂಬಳದ ಬಹುಪಾಲು ಮೊದಲ ವರ್ಷಗಳಲ್ಲೇ ತುಂಬಿತ್ತು. ಕೊನೆಯ ನಾಲ್ಕು ವರ್ಷ 60, 20, 10, 10 ಲಕ್ಷ ಮಾತ್ರ. ಆದರೆ ಕ್ಯಾಪ್ ಹಿಟ್ ಪ್ರತಿ ವರ್ಷ 75 ಲಕ್ಷ 38 ಸಾವಿರ. 2021ರ ಜುಲೈನಲ್ಲಿ ಇಬ್ಬರನ್ನೂ ಬೈಔಟ್ ಮಾಡಿದರು. ಈಗ ಮೇಲಿನ ಲೆಕ್ಕವನ್ನೇ ಇಲ್ಲಿ ಹಾಕಿ. ಕೊಡಬೇಕಾದ ಸಂಬಳವೇ 10 ಲಕ್ಷ ಇದ್ದಾಗ ಉಳಿಸುವುದಾದರೂ ಏನು? ಹಾಗಾಗಿ 2023-24 ಮತ್ತು 2024-25ರಲ್ಲಿ ಇಬ್ಬರ ಹೆಸರಲ್ಲಿ ವರ್ಷಕ್ಕೆ 1 ಕೋಟಿ 47 ಲಕ್ಷ ಡಾಲರ್ ಡೆಡ್ ಕ್ಯಾಪ್ ಬಂತು. 2023-24ರ ಮಿತಿಯೇ 8 ಕೋಟಿ 35 ಲಕ್ಷ. ಉಳಿದ ತಂಡಗಳು ಪೂರ್ತಿ ದುಡ್ಡಲ್ಲಿ ಆಡುವಾಗ ವೈಲ್ಡ್ ಆರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಪಕ್ಕಕ್ಕಿಟ್ಟು ಆಡಿತು. ಆ ವರ್ಷ ಪ್ಲೇಆಫ್ ತಪ್ಪಿತು.

ಆದರೂ ವೈಲ್ಡ್ ಮೇಲೆ ನನಗೆ ಗೌರವ ಇದೆ. ಅವರು ಭಾರ ಯಾವ ವರ್ಷ ಬೀಳುತ್ತದೆ ಅಂತ ಮೊದಲೇ ತಿಳಿದು, ಅಭಿಮಾನಿಗಳಿಗೂ ಮುಚ್ಚಿಡದೆ ಹೇಳಿ ಹೊರಟರು. ಕಳೆದುಕೊಳ್ಳಲು ಜಾಸ್ತಿ ಇರಲಿಲ್ಲ ಕೂಡ. ಇಬ್ಬರನ್ನು ಇಟ್ಟುಕೊಂಡಿದ್ದರೆ ಕ್ಯಾಪ್‌ನಲ್ಲಿ ಹೇಗೂ 1 ಕೋಟಿ 50 ಲಕ್ಷ ಹೋಗುತ್ತಿತ್ತು. ಭಾರದ ಬಹುಪಾಲು ಇಳಿದ 2025ರಲ್ಲಿ ಅದೇ ತಂಡ ತನ್ನ ತಾರೆ ಕಿರಿಲ್ ಕಪ್ರಿಜೋವ್‌ನನ್ನು 8 ವರ್ಷಕ್ಕೆ 13 ಕೋಟಿ 60 ಲಕ್ಷ ಡಾಲರ್ ಕೊಟ್ಟು ಉಳಿಸಿಕೊಂಡಿತು.

ಇಲ್ಲಿ ಮಿತಿ ಏರುವುದು, ನಿಲ್ಲುವುದು ಕೂಡ ಮುಖ್ಯ. ಕೋವಿಡ್ ಕಾಲದಲ್ಲಿ ಕ್ಯಾಪ್ ಮೂರು ಸೀಸನ್ 8 ಕೋಟಿ 15 ಲಕ್ಷದಲ್ಲೇ ನಿಂತಿತ್ತು. ಆಗ ಡೆಡ್ ಕ್ಯಾಪ್‌ನ ಒಂದೊಂದು ಲಕ್ಷವೂ ನೋವು ಕೊಡುತ್ತಿತ್ತು. 2025ರ ಜನವರಿಯಲ್ಲಿ ಲೀಗ್ ಮುಂದಿನ ಮೂರು ವರ್ಷದ ಅಂಕಿ ಒಟ್ಟಿಗೆ ಹೇಳಿತು: 9 ಕೋಟಿ 55 ಲಕ್ಷ, 10 ಕೋಟಿ 40 ಲಕ್ಷ, 11 ಕೋಟಿ 35 ಲಕ್ಷ. ಸ್ಕಿನ್ನರ್‌ನ 64 ಲಕ್ಷ ಬೀಳುವುದು 10 ಕೋಟಿ 40 ಲಕ್ಷದ ವರ್ಷದಲ್ಲಿ. ಕಂತು ಅಷ್ಟೇ ಇದ್ದು ವರಮಾನ ಏರಿದ ಮನೆಯ ಹಾಗೆ. ಸಾಲ ಸಾಲವೇ, ಆದರೆ ಉಸಿರಾಡಬಹುದು.

ಜಗಳದಲ್ಲಿ ಇದರ ಜೊತೆ ಕಲಸಿಹೋಗುವ ಒಂದೆರಡು ಪದಗಳಿವೆ. ಒಪ್ಪಂದದಲ್ಲಿ ‘ನೋ ಮೂವ್’ ಷರತ್ತು ಇದ್ದರೆ ಆಟಗಾರನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸಲು ಬರುವುದಿಲ್ಲ, ಕೆಳಗಿನ ಲೀಗ್‌ಗೂ ಇಳಿಸಲು ಬರುವುದಿಲ್ಲ. ಆದರೆ ಬೈಔಟ್ ಮಾಡಬಹುದು. ಪರೀಸೆ, ಸೂಟರ್ ಇಬ್ಬರಿಗೂ ಆ ಷರತ್ತು ಇತ್ತು. ಇನ್ನೊಂದು ‘ರಿಟೆನ್ಷನ್’. ಆಟಗಾರನನ್ನು ಬೇರೆ ತಂಡಕ್ಕೆ ಕೊಡುವಾಗ ಅವನ ಸಂಬಳದ ಅರ್ಧದ ತನಕ ತಾನೇ ಹೊತ್ತುಕೊಳ್ಳುವುದು. ಇದರಲ್ಲಿ ಭಾರ ಒಪ್ಪಂದದ ಜೊತೆಗೇ ಮುಗಿಯುತ್ತದೆ, ಎರಡರಷ್ಟು ಎಳೆಯುವುದಿಲ್ಲ. ಕೊಳ್ಳುವ ತಂಡ ಸಿಕ್ಕರೆ ಇದೇ ವಾಸಿ ಅಂತ ನಾನು ಹೇಳುತ್ತೇನೆ.

ಸೈನಿಂಗ್ ಬೋನಸ್ ಬಗ್ಗೆಯೂ ಒಂದು ಮಾತು. ಬೈಔಟ್ ಮಾಡಿದರೂ ಬೋನಸ್ ಪೂರ್ತಿ ಕೊಡಲೇಬೇಕು, ಕಡಿತ ಸಂಬಳಕ್ಕೆ ಮಾತ್ರ. ವರ್ಷಕ್ಕೆ 60 ಲಕ್ಷ ಪಡೆಯುವವನಿಗೆ ಅದರಲ್ಲಿ 40 ಲಕ್ಷ ಬೋನಸ್ ಇದೆ, ಮೂರು ವರ್ಷ ಬಾಕಿ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಮೊದಲ ಮೂರು ವರ್ಷ ಕ್ಯಾಪ್ ಭಾರ ಸುಮಾರು 46.67 ಲಕ್ಷದಲ್ಲೇ ನಿಲ್ಲುತ್ತದೆ. ಎಲ್ಲವೂ ಸಂಬಳವೇ ಆಗಿದ್ದರೆ ಅದು 20 ಲಕ್ಷಕ್ಕೆ ಇಳಿಯುತ್ತಿತ್ತು. ಏಜೆಂಟರು ಬೋನಸ್‌ಗೆ ಪಟ್ಟು ಹಿಡಿಯುವುದು ಸುಮ್ನೆ ಅಲ್ಲ.

2012-13ರ ಲಾಕೌಟ್ ನಂತರ ಲೀಗ್ ಪ್ರತಿ ತಂಡಕ್ಕೂ ಎರಡು ‘ಕಂಪ್ಲಯನ್ಸ್ ಬೈಔಟ್’ ಕೊಟ್ಟಿತ್ತು. ದುಡ್ಡು ಕೊಡಬೇಕು, ಕ್ಯಾಪ್ ಮೇಲೆ ಭಾರ ಇಲ್ಲ. ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊ ಹಾಗೆ ಹೊರಬಂದ. ಅವನದು 15 ವರ್ಷದ ಒಪ್ಪಂದ. ಎಂಟು ವರ್ಷ ಬಾಕಿ ಇದ್ದದ್ದು ಹದಿನಾರು ವರ್ಷದ ಕಂತಾಯಿತು. 2029ರ ತನಕ ವರ್ಷಕ್ಕೆ 15 ಲಕ್ಷ ಡಾಲರ್. ಕೇಳಿದಾಗಲೆಲ್ಲ ಜನ ಬೆರಗಾಗುತ್ತಾರೆ. ಆದರೆ ಆ ರಿಯಾಯಿತಿ 2013, 2014ರ ಬೇಸಿಗೆಗಷ್ಟೇ ಇತ್ತು. ‘ಐಲ್ಯಾಂಡರ್ಸ್ ಮಾಡಿದ ಹಾಗೆ ಮಾಡಿ’ ಅಂತ ಈಗ ವಾದಿಸಿದರೆ ನಡೆಯುವುದಿಲ್ಲ.

ಇನ್ನು ಸೋಲುತ್ತಿರುವ ತಂಡಕ್ಕೆ ಬೈಔಟ್ ಯಾವಾಗ ಸರಿ? ಒಪ್ಪಂದ ಒಂದೇ ವರ್ಷ ಬಾಕಿ ಇದ್ದರೆ ಹೆಚ್ಚು ಯೋಚನೆ ಬೇಡ, ಎರಡೇ ವರ್ಷದಲ್ಲಿ ತೀರುತ್ತದೆ. ಮೂರು, ನಾಲ್ಕು ವರ್ಷ ಇದ್ದರೆ ಭಾರದ ವರ್ಷ ಎಲ್ಲಿ ಬೀಳುತ್ತದೆ ಅಂತ ನೋಡಬೇಕು. ಇಂದು 19, 20 ವರ್ಷದ ಹುಡುಗರು ಆ ಹೊತ್ತಿಗೆ ದೊಡ್ಡ ಸಂಬಳ ಕೇಳುವ ವಯಸ್ಸಿಗೆ ಬಂದಿರುತ್ತಾರೆ. ಅವರಿಗೆ ಕೊಡಬೇಕಾದ ಜಾಗವನ್ನು ಈಗಲೇ ತಿಂದುಬಿಟ್ಟರೆ ಹೇಗೆ? ಪೂರ್ತಿ ಕೆಡವಿ ಕಟ್ಟುವ ತಂಡಕ್ಕಂತೂ ಜಾಗದ ಕೊರತೆಯೇ ಇರುವುದಿಲ್ಲ. ಬದಲಿಗೆ ಕೆಳಮಿತಿ ಅಂತ ಒಂದಿದೆ, 2025-26ಕ್ಕೆ 7 ಕೋಟಿ 6 ಲಕ್ಷ ಡಾಲರ್. ಅಷ್ಟು ಖರ್ಚು ತೋರಿಸಲೇಬೇಕು. ಅಂಥ ತಂಡಕ್ಕೆ ಹಳೆಯ ದುಬಾರಿ ಒಪ್ಪಂದ ಉಪಯೋಗಕ್ಕೇ ಬರುತ್ತದೆ. ಕಾಯುವುದು ಕಷ್ಟ ಅಂತ ಗೊತ್ತು. ಹತ್ತು ವರ್ಷ ಕಾದ ಅಭಿಮಾನಿಗೆ ‘ಇನ್ನೆರಡು ವರ್ಷ ಕಾಯಿ’ ಅನ್ನಲು ನನಗೂ ಬಾಯಿ ಬರುವುದಿಲ್ಲ. ಆದರೂ ಲೆಕ್ಕ ಅದನ್ನೇ ಹೇಳುತ್ತದೆ.

ಆಟಗಾರನ ಕಡೆಯಿಂದಲೂ ನೋಡಬೇಕು. ಬೈಔಟ್ ಆದವನೆಂದರೆ ಮುಗಿದವನಲ್ಲ. ಆಲಿವರ್ ಎಕ್‌ಮನ್-ಲಾರ್ಸನ್‌ನನ್ನು ವ್ಯಾಂಕೂವರ್ ತಂಡ 2023ರ ಜೂನ್‌ನಲ್ಲಿ ಬೈಔಟ್ ಮಾಡಿ ಕಳಿಸಿತು. 2024ರ ಜೂನ್‌ನಲ್ಲಿ ಅವನು ಫ್ಲೋರಿಡಾ ಪ್ಯಾಂಥರ್ಸ್ ಪರ ಲೀಗ್‌ನ ಚಾಂಪಿಯನ್ ಟ್ರೋಫಿ ಸ್ಟ್ಯಾನ್ಲಿ ಕಪ್ ಎತ್ತಿದ. ವ್ಯಾಂಕೂವರ್ ಲೆಕ್ಕದಲ್ಲಿ ಅವನ ಹೆಸರು 2030-31ರ ತನಕ ಇರುತ್ತದೆ.

ಸ್ಕಿನ್ನರ್ ಎಡ್ಮಂಟನ್ ಆಯಿಲರ್ಸ್ ಸೇರಿದ, ಒಂದು ವರ್ಷಕ್ಕೆ 30 ಲಕ್ಷ ಡಾಲರ್‌ಗೆ. ಬಫಲೋಗೆ ಬರುವ ಮುಂಚೆ ಆಡಿದ ಕ್ಯಾರೊಲೈನಾದಲ್ಲೂ ಅವನಿಗೆ ಪ್ಲೇಆಫ್ ಸಿಕ್ಕಿರಲಿಲ್ಲ. 1,078 ಪಂದ್ಯ ಆಡಿದ ಮೇಲೆ, 2025ರ ಏಪ್ರಿಲ್‌ನಲ್ಲಿ, ಅವನು ಮೊದಲ ಸಲ ಪ್ಲೇಆಫ್ ಪಂದ್ಯಕ್ಕೆ ಐಸ್ ಮೇಲೆ ಇಳಿದ. ಅಷ್ಟು ಕಾದು ಮೊದಲ ಪ್ಲೇಆಫ್ ಆಡಿದವರು ಲೀಗ್‌ನಲ್ಲಿ ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಆ ಸೀಸನ್‌ನಲ್ಲಿ ಅವನ ಕೈಗೆ ಬಂದ ಹಣದ ಒಂದು ಪಾಲು ಬಫಲೋದಿಂದಲೇ ಬಂದಿತ್ತು.