ಎರಡು ಗುಂಪು, ಯಾವ ಟೆಸ್ಟು?

ತುಮಕೂರಿನ ಬಿ.ಎಚ್. ರಸ್ತೆಯ ಒಂದು ಜೆರಾಕ್ಸ್ ಅಂಗಡಿ. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂದಿತ್ತು, ಬೈಂಡಿಂಗ್‌ಗೆ ಸಾಲು ನಿಂತಿತ್ತು. ಎಂಎಸ್ಸಿ ಸೈಕಾಲಜಿ ಓದುವ ಹುಡುಗಿಯೊಬ್ಬಳು ನನ್ನ ಗುರುತು ಹಿಡಿದು ಕೇಳಿದಳು: "ಮೇಡಂ, ಟಿ ಟೆಸ್ಟ್ ಹಾಕಿದ್ರೆ ಪಿ ವ್ಯಾಲ್ಯೂ 0.05ಕ್ಕಿಂತ ಜಾಸ್ತಿ ಬರ್ತಿದೆ. ಮ್ಯಾನ್ ವಿಟ್ನಿ ಹಾಕ್ಲಾ?" ಟಿ ಟೆಸ್ಟ್, ಮ್ಯಾನ್ ವಿಟ್ನಿ ಎರಡೂ ಗುಂಪುಗಳ ನಡುವಿನ ವ್ಯತ್ಯಾಸ ಅಳೆಯುವ ಲೆಕ್ಕಗಳು. ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು ಅನ್ನುವುದೇ ಪಿ ವ್ಯಾಲ್ಯೂ. ಅದು 0.05ಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ಇದೆ ಅನ್ನುವುದು ರೂಢಿ.

ಅವಳು ಹಾಸ್ಟೆಲ್‌ನ 24 ಹುಡುಗಿಯರಿಗೆ ನಾಲ್ಕು ವಾರ ಪ್ರಾಣಾಯಾಮ ಮಾಡಿಸಿದ್ದಳು. ಒತ್ತಡದ ಪ್ರಶ್ನಾವಳಿಯನ್ನು ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ತುಂಬಿಸಿದ್ದಳು. ಕಂಪ್ಯೂಟರಿಗೆ ಮಾತ್ರ ಅದನ್ನು ಎರಡು ಬೇರೆ ಬೇರೆ ಗುಂಪು ಅಂತ ಕೊಟ್ಟಿದ್ದಳು. ಅಲ್ಲೇ ಎಡವಿದ್ದು. ಅದು ಎರಡು ಗುಂಪಲ್ಲ. ಒಂದೇ ಗುಂಪು, ಎರಡು ಸಲ.

ಟಿ ಟೆಸ್ಟ್ ಹುಟ್ಟಿದ್ದೇ ಇಂಥ ಒಂದು ಲೆಕ್ಕದ ಸುತ್ತ. ವಿಲಿಯಂ ಗಾಸೆಟ್ 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಗೆ ಸೇರಿದವರು. ಬಾರ್ಲಿ, ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಗುಣ ನೋಡಲು ಅವರಿಗೆ ಸಿಗುತ್ತಿದ್ದದ್ದು ನಾಲ್ಕೋ ಆರೋ ಸ್ಯಾಂಪಲ್. ತಿಪಟೂರಿನಲ್ಲಿ ಒಂದೆರಡು ಕೊಬ್ಬರಿ ಒಡೆದು ನೋಡಿ ಇಡೀ ಮೂಟೆಗೆ ಬೆಲೆ ಕಟ್ಟಬೇಕಾದವರ ಕಷ್ಟ ಇದೆಯಲ್ಲ, ಅದೇ ಕಷ್ಟ. ಆಗಿನ ಸೂತ್ರಗಳೆಲ್ಲ ದೊಡ್ಡ ಸ್ಯಾಂಪಲ್‌ಗೆ ಹೇಳಿ ಮಾಡಿಸಿದವು. ಸ್ಯಾಂಪಲ್ ಚಿಕ್ಕದಾದಾಗ ಎಷ್ಟು ನಂಬಬಹುದು ಅನ್ನುವ ಲೆಕ್ಕವನ್ನು ಗಾಸೆಟ್ 1908ರಲ್ಲಿ ಪ್ರಕಟಿಸಿದರು. ಸ್ವಂತ ಹೆಸರು ಹಾಕಲು ಕಂಪನಿ ಬಿಡಲಿಲ್ಲ. 'ಸ್ಟೂಡೆಂಟ್' ಅಂತ ಬರೆದುಕೊಂಡರು.

ಅದರಲ್ಲಿ ಅವರು ಕೊಟ್ಟ ಮೊದಲ ಉದಾಹರಣೆ ಬಿಯರಿನದ್ದಲ್ಲ, ನಿದ್ದೆಯದ್ದು. ಹತ್ತು ರೋಗಿಗಳು, ಎರಡು ಔಷಧ. ಯಾವುದರಿಂದ ಎಷ್ಟು ಗಂಟೆ ನಿದ್ದೆ ಹೆಚ್ಚಾಯಿತು ಅನ್ನುವ ಪಟ್ಟಿ. ಮೊದಲನೆಯವರಿಗೆ ಒಂದರಿಂದ 0.7 ಗಂಟೆ, ಇನ್ನೊಂದರಿಂದ 1.9. ಎರಡನೆಯವರಿಗೆ ಮೊದಲ ಔಷಧದಿಂದ ನಿದ್ದೆ 1.6 ಗಂಟೆ ಕಡಿಮೆಯೇ ಆಯಿತು, ಎರಡನೆಯದರಿಂದ 0.8 ಹೆಚ್ಚಾಯಿತು. ಏಳನೆಯವರಿಗೆ 3.7 ಮತ್ತು 5.5. ಜನರ ನಡುವೆ ಎಷ್ಟು ಅಂತರ ನೋಡಿ! ಆದರೆ ಒಬ್ಬೊಬ್ಬರದ್ದೇ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಹತ್ತರಲ್ಲಿ ಒಂಬತ್ತು ಮಂದಿಗೆ ಎರಡನೆಯದೇ ಹೆಚ್ಚು. ಉಳಿದ ಒಬ್ಬರಿಗೆ ಎರಡೂ ಸಮ.

ಈ ಅಂಕಿಗಳು ಇಂಥ ಲೆಕ್ಕಕ್ಕೆ ಬಳಸುವ ಆರ್ ಅನ್ನುವ ಸಾಫ್ಟ್‌ವೇರಿನಲ್ಲಿ 'ಸ್ಲೀಪ್' ಅನ್ನುವ ಹೆಸರಲ್ಲೇ ಸಿಗುತ್ತವೆ. ಜೋಡಿಯಾಗಿ ಲೆಕ್ಕ ಹಾಕಿದರೆ ಪಿ ವ್ಯಾಲ್ಯೂ ಸುಮಾರು 0.003. ಜೋಡಿ ಬಿಡಿಸಿ, ಇಪ್ಪತ್ತು ಬೇರೆ ಬೇರೆ ಜನ ಅಂತ ಹಾಕಿದರೆ ಸುಮಾರು 0.08. ಅಂಕಿ ಒಂದೂ ಬದಲಾಗಿಲ್ಲ. ಜೋಡಿ ಬಿಡಿಸಿದಾಗ ಜನರ ನಡುವಿನ ಅಂತರ ಔಷಧಗಳ ಅಂತರವನ್ನು ಮುಚ್ಚಿಬಿಡುತ್ತದೆ, ಅಷ್ಟೆ. ಪಾಠಕ್ಕೆ ಬಂದವರಿಗೆಲ್ಲ ನಾನು ಮೊದಲು ಮಾಡಿಸುವುದು ಇದನ್ನೇ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಮರುವರ್ಷ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ತಮ್ಮ ಪುಸ್ತಕದಲ್ಲಿ 0.05 ಅನ್ನುವ ಗೆರೆಯನ್ನು ಅನುಕೂಲದ ಅಳತೆಯಾಗಿ ಕೊಟ್ಟರು. ಅನುಕೂಲಕ್ಕೆ ಎಳೆದ ಗೆರೆ ಆಮೇಲೆ ಲಕ್ಷ್ಮಣರೇಖೆಯೇ ಆಗಿಹೋಯಿತು.

ಮ್ಯಾನ್ ವಿಟ್ನಿ ಬಂದದ್ದು ಬೇರೆ ದಾರಿಯಲ್ಲಿ. ಫ್ರಾಂಕ್ ವಿಲ್ಕಾಕ್ಸನ್ ಅನ್ನುವ ರಸಾಯನಶಾಸ್ತ್ರಜ್ಞರು 1945ರಲ್ಲಿ ಅಂಕಿಗಳ ಬದಲು ಅವುಗಳ ರ‍್ಯಾಂಕ್, ಅಂದರೆ ಸಾಲಿನಲ್ಲಿ ಎಷ್ಟನೆಯದು ಅನ್ನುವುದನ್ನು ಹೋಲಿಸುವ ಉಪಾಯ ಹೇಳಿದರು. 1947ರಲ್ಲಿ ಮ್ಯಾನ್ ಮತ್ತು ವಿಟ್ನಿ ಅದನ್ನು ಬೆಳೆಸಿದರು. ನಡುವೆ, 1946ರಲ್ಲಿ, ಮನಶ್ಶಾಸ್ತ್ರಜ್ಞ ಸ್ಟೀವನ್ಸ್ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಒಂದು ಬಗೆಯಲ್ಲಿ ಯಾವುದು ಹೆಚ್ಚು ಅನ್ನುವ ಕ್ರಮ ಮಾತ್ರ ಗೊತ್ತು, ಎಷ್ಟು ಹೆಚ್ಚು ಅನ್ನುವುದು ಗೊತ್ತಿಲ್ಲ. ಪ್ರಶ್ನಾವಳಿಯನ್ನೇ ನೋಡಿ. 'ಸ್ವಲ್ಪ ಒಪ್ಪುತ್ತೇನೆ' ಮತ್ತು 'ಪೂರ್ತಿ ಒಪ್ಪುತ್ತೇನೆ' ನಡುವಿನ ಅಂತರ ಎಲ್ಲರಿಗೂ ಒಂದೇನಾ? ಅಲ್ಲದಿದ್ದರೆ ಸರಾಸರಿ ತೆಗೆಯಬಹುದಾ? ಈ ಜಗಳ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ, ಹತ್ತಿಪ್ಪತ್ತು ಪ್ರಶ್ನೆಗಳ ಒಟ್ಟು ಅಂಕಕ್ಕೆ ಸರಾಸರಿ ನಡೆಯುತ್ತದೆ, ಒಂದೇ ಪ್ರಶ್ನೆಯ ಉತ್ತರಕ್ಕೆ ರ‍್ಯಾಂಕೇ ವಾಸಿ.

ಗುಂಪುಗಳು ನಿಜವಾಗಿಯೂ ಬೇರೆ ಬೇರೆ ಅನ್ನಿ. ಹಾಸ್ಟೆಲ್‌ನವರು ಒಂದು ಕಡೆ, ದಿನಾ ಶಿರಾದಿಂದಲೋ ಗುಬ್ಬಿಯಿಂದಲೋ ಬಸ್ಸಿನಲ್ಲಿ ಬರುವವರು ಇನ್ನೊಂದು ಕಡೆ. ಅಲ್ಲಿ ಹಳೆಯ ಟಿ ಟೆಸ್ಟ್ ಎರಡೂ ಕಡೆಯ ಏರುಪೇರು ಒಂದೇ ಸಮ ಅಂತ ನಂಬಿಕೊಂಡೇ ಹೊರಡುತ್ತದೆ. ಅದು ಸಮ ಇಲ್ಲದೆ, ಗುಂಪಿನ ಸಂಖ್ಯೆಯೂ ಹೆಚ್ಚುಕಡಿಮೆಯಾದರೆ ಉತ್ತರ ತಪ್ಪುತ್ತದೆ. ಸಂಖ್ಯಾಶಾಸ್ತ್ರಜ್ಞ ವೆಲ್ಚ್ 1947ರಲ್ಲೇ ಇದಕ್ಕೆ ದಾರಿ ತೋರಿಸಿದ್ದರು. ನಮ್ಮ ಕಾಲೇಜುಗಳಲ್ಲಿ ಬಳಸುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಟಿ ಟೆಸ್ಟಿಗೆ ಕೊಡುವ ಟೇಬಲ್ಲಿನ ಎರಡನೇ ಸಾಲು ಅದೇ. ನಮ್ಮ ಹುಡುಗರು ಅದನ್ನು ಓದುವುದೇ ಇಲ್ಲ. ಮನಶ್ಶಾಸ್ತ್ರದವರು ಮೊದಲಿಗೇ ವೆಲ್ಚ್ ಬಳಸಿ ಅಂತ 2017ರಲ್ಲಿ ಡೆಲಾಕ್ರ್, ಲಾಕೆನ್ಸ್, ಲೇಸ್ ಅನ್ನುವ ಮೂವರು ಸಂಶೋಧಕರು ಬರೆದರು. ನಾನೂ ಅದನ್ನೇ ಹೇಳುತ್ತೇನೆ. ಒಂದರಲ್ಲಿ ಬರಲಿಲ್ಲ ಅಂತ ಇನ್ನೊಂದು ಟೆಸ್ಟ್ ಹಾಕಿ ನೋಡುವುದು ಮಾತ್ರ ಬೇಡ. ಹಾಗೆ ಹುಡುಕುತ್ತಾ ಹೋದರೆ ಇಲ್ಲದ ವ್ಯತ್ಯಾಸವೂ ಒಂದಲ್ಲ ಒಂದು ಕಡೆ ಸಿಕ್ಕಿಬಿಡುತ್ತದೆ.

"ಹಾಗಾದ್ರೆ ಜೋಡಿ ಮಾಡಿ ಹಾಕ್ತೀನಿ ಮೇಡಂ," ಅಂದಳು. ಬ್ಯಾಗಿನಿಂದ 48 ಹಾಳೆ ತೆಗೆದಳು. ಹೆಸರು ಗುಟ್ಟಾಗಿರಲಿ ಅಂತ ಯಾರದ್ದೂ ಬರೆಸಿರಲಿಲ್ಲ. ಸರಿಯಾದದ್ದೇ. ಆದರೆ ನಂಬರೂ ಹಾಕಿಸಿರಲಿಲ್ಲ. ಬರೀ ಟಿಕ್ ಗುರುತು. ಯಾವ 'ಮೊದಲು' ಯಾವ 'ಆಮೇಲೆ'ಗೆ ಸೇರಬೇಕು ಅಂತ ಗೊತ್ತಾಗುವ ಹಾಗೇ ಇರಲಿಲ್ಲ. ನನಗೂ ಹೊಟ್ಟೆ ಚುರುಕ್ ಅಂದಿತು. ಹುಡುಗಿಯ ನಾಲ್ಕು ವಾರದ ಓಡಾಟ ಅಲ್ವಾ?

ಬಂದ ಪಿ ವ್ಯಾಲ್ಯೂವನ್ನೇ ಬರೆದಳು. ಜೋಡಿ ಯಾಕೆ ಕೂಡಿಸಲಾಗಲಿಲ್ಲ ಅನ್ನುವುದನ್ನೂ ಬರೆದಳು. ಈ ವರ್ಷ ಅವಳ ಜೂನಿಯರ್ ಒಬ್ಬಳು ಅದೇ ಕೆಲಸ ಮತ್ತೆ ಮಾಡುತ್ತಿದ್ದಾಳೆ. ತಾಯಿಯ ಹೆಸರಿನ ಮೊದಲ ಅಕ್ಷರ, ಮೊಬೈಲಿನ ಕೊನೆಯ ಎರಡು ಅಂಕಿ. ಮೊನ್ನೆ ತೋರಿಸಿದ ಮೊದಲ ಹಾಳೆಯ ಮೂಲೆಯಲ್ಲಿ 'ಲ 47' ಅಂತಿತ್ತು.