ಅಳತೆ ತೆಗೆಯುವುದು ಕಾರ್ಸೆಟ್ ತೊಟ್ಟ ಮೇಲೆ

ಇಂಗ್ಲೆಂಡಿನಲ್ಲಿ ಏಳನೇ ಎಡ್ವರ್ಡ್ ಆಳಿದ 1901–1910ರ ಕಾಲದ ಹೆಂಗಸರ ಉಡುಪು ಹೊಲಿಯಲು ಹೊರಟವರು ಸಾಮಾನ್ಯವಾಗಿ ಲಂಗದಿಂದಲೋ ಲೇಸಿನ ಬ್ಲೌಸಿನಿಂದಲೋ ಶುರುಮಾಡುತ್ತಾರೆ. ಅವೆರಡೂ ಕೊನೆಗೆ ಬರಬೇಕಾದವು. ಬರಿಮೈ ಅಳತೆಗೆ ಹೊಲಿದ ಲಂಗ, ಕಾರ್ಸೆಟ್ (ಎದೆಯಿಂದ ಪೃಷ್ಠದ ತನಕ ಮೈ ಬಿಗಿಯುವ ಒಳಉಡುಪು) ಮತ್ತು ಒಳಲಂಗದ ಮೇಲೆ ಸೊಂಟದಲ್ಲಿ ಸರಿಯಾಗಿ ಕೂರದು. ಹಿಂದಿನ ಅಂಚು ಮೇಲೇರಿ, ಮುಂದಿನದು ಕಾಲಿಗೆ ತೊಡರುತ್ತದೆ.

ಮೈಗೆ ಮೊದಲು ತಾಗುವುದು ಕಾಂಬಿನೇಷನ್, ಅಂದರೆ ತೋಳಿಲ್ಲದ ಶೆಮೀಸೂ (ಸಡಿಲ ಒಳಅಂಗಿ) ಮೊಣಕಾಲಿನ ತನಕದ ಚಡ್ಡಿಯೂ ಒಂದಾದ ಉಡುಪು. ಇದಕ್ಕೆ ನೈನ್‌ಸುಕ್ ಎಂಬ ತೆಳು ಹತ್ತಿ ಬಟ್ಟೆ ಬಳಸುತ್ತಿದ್ದರು. ಹೆಸರು ಭಾರತದಿಂದಲೇ ಹೋದದ್ದು. ‘ಕಣ್ಣಿಗೆ ಸುಖ’ ಎಂಬ ಅರ್ಥದ ಹಿಂದಿ ಮಾತು. ಈಗ ಒಳ್ಳೆಯ ಕೇಂಬ್ರಿಕ್ ಸಾಕು, ಒಗೆದು ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಿ. ಉಲ್ಟಾ ಬದಿಗಳನ್ನು ಎದುರುಬದುರು ಇಟ್ಟು 6 ಮಿ.ಮೀ.ಗೆ ಹೊಲಿದು, ಅಂಚನ್ನು 3 ಮಿ.ಮೀ.ಗೆ ಕತ್ತರಿಸಿ, ತಿರುಗಿಸಿ ಮತ್ತೆ 6 ಮಿ.ಮೀ.ಗೆ ಹೊಲಿಯಿರಿ. ಹೊಲಿಗೆ ದಪ್ಪವಾದರೆ ಕಾರ್ಸೆಟ್ ಅದನ್ನು ಚರ್ಮಕ್ಕೆ ಒತ್ತುತ್ತದೆ.

ಹೆಚ್ಚಿನ ಸಮಯ ಕೊಡಬೇಕಾದದ್ದು ಕಾರ್ಸೆಟ್ಟಿಗೆ. ಬಸ್ಕ್, ಅಂದರೆ ಮುಂದೆ ಕೊಂಡಿಯಿಂದ ಮುಚ್ಚುವ ಉಕ್ಕಿನ ಪಟ್ಟಿ, ನೇರವಾಗಿರಬೇಕು, ಆ ಕಾಲದ ಗುರುತೇ ಅದು. ಬಟ್ಟೆ ಕೂಟಿಲ್ ಎಂಬ ಹಿಗ್ಗದ ಗಟ್ಟಿ ನೇಯ್ಗೆಯದು. ಒಳಗೆ ಸೊಂಟದ ಸುತ್ತ 2.5 ಸೆಂ.ಮೀ. ಅಗಲದ ಗಟ್ಟಿ ಟೇಪು. ಟೇಪು ಬಿಟ್ಟರೆ ಬಿಗಿದಷ್ಟೂ ಸೊಂಟದ ಹೊಲಿಗೆಗಳು ಜಗ್ಗುತ್ತವೆ. ಕಾರ್ಸೆಟ್ಟನ್ನು ನೆಟ್ಟಗೆ ನಿಲ್ಲಿಸುವ ಪ್ರತಿ ಉಕ್ಕಿನ ಪಟ್ಟಿ ತಾನು ತೂರುವ ಸಂದಿಗಿಂತ ಸುಮಾರು 1 ಸೆಂ.ಮೀ. ಗಿಡ್ಡವಿರಲಿ, ಇಲ್ಲದಿದ್ದರೆ ತುದಿ ಬಟ್ಟೆ ತೂತುಮಾಡಿ ಹೊರಬರುತ್ತದೆ. ಬಾಗುವ ಕಡೆ ಸುರುಳಿ ಪಟ್ಟಿ, ಹಿಂದೆ ಐಲೆಟ್ (ಬಿಗಿಯುವ ದಾರದ ತೂತು) ಸಾಲಿನ ಎರಡೂ ಬದಿ ಚಪ್ಪಟೆ ಪಟ್ಟಿ. ಅಗ್ಗದ ಗಟ್ಟಿ ಬಟ್ಟೆಯಲ್ಲಿ ಮೊದಲು ಪ್ರಯೋಗದ ಕಾರ್ಸೆಟ್ ಹೊಲಿದು ಬಿಗಿದು ನೋಡಿ. ಹಿಂದೆ 5 ಸೆಂ.ಮೀ. ಸಂದು ಮೇಲಿನಿಂದ ಕೆಳಗೆ ಒಂದೇ ಸಮ ಇರಬೇಕು. ಕೆಳಗೆ ಮಾತ್ರ ಅಗಲವಾದರೆ ಪೃಷ್ಠದ ಬಳಿ ಬಟ್ಟೆ ಸಾಲದು ಎಂದರ್ಥ. ಸೊಂಟವನ್ನು ಇನ್ನಷ್ಟು ಬಿಗಿದು ಸರಿಮಾಡಲು ಹೋಗಬೇಡಿ. ಆ ಸಣ್ಣ ಸೊಂಟ ಬಹುಪಾಲು ಕಣ್ಣಿನ ಭ್ರಮೆ: ಎದೆಗೆ ನೆರಿಗೆಯ ಪಟ್ಟಿ, ಪೃಷ್ಠಕ್ಕೆ ಮೆತ್ತೆ ಇಟ್ಟರೆ ನಡು ತಾನಾಗಿ ಕಿರಿದಾಗಿ ಕಾಣುತ್ತದೆ.

ಕಾರ್ಸೆಟ್ ಮೇಲೆ ಅದನ್ನು ಮುಚ್ಚುವ ತೆಳು ರವಿಕೆ, ಆಮೇಲೆ ಒಳಲಂಗ: ಮೇಲ್ಭಾಗ ಮೈಗೆ ಅಂಟಿ, ಮೊಣಕಾಲಿನಿಂದ ಕೆಳಗೆ ಒಂದೂವರೆ ಪಟ್ಟು ಬಟ್ಟೆಯ ನೆರಿಗೆ. ಇವೆಲ್ಲ ತೊಟ್ಟು, ಹಾಕಿಕೊಳ್ಳುವ ಷೂ ಕೂಡ ಹಾಕಿ, ಆಗ ಅಳತೆಯ ಟೇಪು ಹಿಡಿಯಿರಿ.

ಬ್ಲೌಸಿನ ಮುಂಭಾಗವನ್ನು ಸೊಂಟಕ್ಕಿಂತ 8–10 ಸೆಂ.ಮೀ. ಉದ್ದ ಬಿಟ್ಟು, ನೆರಿಗೆಯನ್ನು ನಟ್ಟನಡುವೆ ಮಾತ್ರ ಸೇರಿಸಿ. ಪಕ್ಕಕ್ಕೂ ಹರಡಿದರೆ ಆ ಕಾಲದ ಉಬ್ಬಿದ ‘ಪಾರಿವಾಳದ ಎದೆ’ಯ ಬದಲು ಜೋತುಬಿದ್ದ ಚೀಲದಂತೆ ಕಾಣುತ್ತದೆ. ಏಳು ತುಂಡಿನ ಲಂಗದಲ್ಲಿ ಕ್ರಾಸ್ (ಓರೆಯಾಗಿ ಕತ್ತರಿಸಿದ) ಅಂಚುಗಳು ತೂಕಕ್ಕೆ ಇಳಿಯುತ್ತವೆ. ಹಾಗಾಗಿ ಒಂದು ಹಗಲು ಒಂದು ರಾತ್ರಿ ತೂಗುಹಾಕಿ, ಮರುದಿನ ತೊಟ್ಟವರನ್ನು ನಿಲ್ಲಿಸಿ ನೆಲದಿಂದ ಮೇಲಕ್ಕೆ ಅಳೆದು ಅಂಚು ಗುರುತಿಸಿ. ಅಂಚಿನ ಒಳಗೆ 10–12 ಸೆಂ.ಮೀ. ಅಗಲದ ಪಟ್ಟಿ, ತುದಿಗೆ ಬದಲಾಯಿಸಬಹುದಾದ ಬ್ರಷ್ ಬ್ರೇಡ್, ಅಂದರೆ ಬ್ರಷ್ಷಿನಂತೆ ಎಳೆ ಚಾಚಿದ ಪಟ್ಟಿ. ನೆಲಕ್ಕೆ ಉಜ್ಜಿ ಸವೆಯುವುದು ಆ ಬ್ರೇಡ್, ಲಂಗವಲ್ಲ.